ಆಸ್ಪತ್ರೆಯೂ ಇಂಡಸ್ಟ್ರಿಯೇ

ಆಸ್ಪತ್ರೆ, ಕಾಲೇಜುಗಳನ್ನೆಲ್ಲ ಇಂಡಸ್ಟ್ರಿ ಎಂದು ಕರೆದು ನ್ಯಾಯಾಲಯ ಭಾಷೆಯನ್ನೇ ಕೆಡಿಸಿತು ಎಂಬ ಮಾತು ಕಾರ್ಮಿಕ ಕಾನೂನಿನ ಚರ್ಚೆ ಬಂದಾಗಲೆಲ್ಲ ಕೇಳಿಬರುತ್ತದೆ. ಇಂಡಸ್ಟ್ರಿ ಎಂದರೆ ನಮ್ಮ ಕಣ್ಣಮುಂದೆ ನಿಲ್ಲುವುದು ಪೀಣ್ಯದ ಶೆಡ್ಡು, ಯಂತ್ರದ ಸದ್ದು, ಪಾಳಿಯ ಸೈರನ್, ನಿಜ. ಆದರೆ ಗಾಂಧಿನಗರದ ಸಿನಿಮಾ ಮಂದಿ ತಮ್ಮ ರಂಗವನ್ನು ಇಂಡಸ್ಟ್ರಿ ಎಂದರೆ ಯಾರಿಗೂ ತಕರಾರಿಲ್ಲ. ಅದೇ ಪದ ಹಿಡಿದು ಕೆಲಸಗಾರನೊಬ್ಬ ಪರಿಹಾರ ಕೇಳಿದಾಗ ಎಲ್ಲರಿಗೂ ಭಾಷಾಶುದ್ಧಿ ನೆನಪಾಗುತ್ತದೆ.

1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಎಲ್ಲವೂ ಈ ಪದದ ಮೇಲೆ ನಿಂತಿತ್ತು. ಕೆಲಸದ ಜಾಗ ಇಂಡಸ್ಟ್ರಿ ಎನಿಸಿಕೊಂಡರೆ, ಹೆಚ್ಚುವರಿ ಎಂದು ತೆಗೆದುಹಾಕಿದ ಕಾರ್ಮಿಕನಿಗೆ ಒಂದು ತಿಂಗಳ ನೋಟಿಸು, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸಂಬಳ. ಅಲ್ಲವೆಂದಾದರೆ ಆ ಕಾಯ್ದೆಯಡಿ ಏನೂ ಇಲ್ಲ.

ದೆಹಲಿ ವಿಶ್ವವಿದ್ಯಾಲಯದ ಬಸ್ಸಿನ ಪ್ರಕರಣವನ್ನೇ ನೋಡಿ. ವಿದ್ಯಾರ್ಥಿನಿಯರನ್ನು ಕರೆತರುವ ಬಸ್ಸಿನಿಂದ ನಷ್ಟವೆಂದು ಚಾಲಕರನ್ನು ಮನೆಗೆ ಕಳಿಸಿದರು. ನ್ಯಾಯಮಂಡಳಿ ಅವರ ಪರ ನಿಂತಿತು. 1963ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು: ವಿಶ್ವವಿದ್ಯಾಲಯದ ಕೆಲಸ ಶಿಕ್ಷಣ, ಶಿಕ್ಷಣ ಇಂಡಸ್ಟ್ರಿಯಲ್ಲ. ಆ ಚಾಲಕರು ಪಾಠ ಹೇಳುತ್ತಿರಲಿಲ್ಲ, ಬಸ್ಸು ಓಡಿಸುತ್ತಿದ್ದರು. ಅದೇ ಸ್ಟಿಯರಿಂಗನ್ನು ಸಾರಿಗೆ ಕಂಪನಿಯೊಂದರಲ್ಲಿ ಹಿಡಿದಿದ್ದರೆ ಪರಿಹಾರದ ಹಕ್ಕು ಇರುತ್ತಿತ್ತು. ಮಾಲೀಕರ ಧ್ಯೇಯ ದೊಡ್ಡದಾದಷ್ಟೂ ಆಳಿನ ಹಕ್ಕು ಸಣ್ಣದಾಗಬೇಕೆಂಬುದು ಯಾವ ನ್ಯಾಯ? ಕೆಲಸ ಹೋದ ಮನೆಯಲ್ಲಿ ಧಣಿಯ ಉದಾತ್ತತೆಯಿಂದ ಒಲೆ ಉರಿಯುವುದಿಲ್ಲ.

ಈ ಅನ್ಯಾಯ ಸರಿಹೋದದ್ದು 1978ರಲ್ಲಿ, ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ. ದಂಡ ವಸೂಲಿ ಪ್ರಶ್ನಿಸಿದ ನೌಕರರಿಗೆ ಮಂಡಳಿ, ತಾನು ಇಂಡಸ್ಟ್ರಿಯೇ ಅಲ್ಲ ಎಂದು ಉತ್ತರಿಸಿತ್ತು. ಏಳು ನ್ಯಾಯಮೂರ್ತಿಗಳ ಪೀಠದಲ್ಲಿ ವಿ.ಆರ್. ಕೃಷ್ಣ ಅಯ್ಯರ್ ಕೊಟ್ಟ ಒರೆಗಲ್ಲು ಸರಳ: ವ್ಯವಸ್ಥಿತ ಚಟುವಟಿಕೆ ಇದೆಯೇ, ಕೆಲಸ ಕೊಟ್ಟವರೂ ಮಾಡುವವರೂ ಸೇರಿ ನಡೆಸುತ್ತಾರೆಯೇ, ಜನರಿಗೆ ಬೇಕಾದ ಸರಕು ಅಥವಾ ಸೇವೆ ಅದರಿಂದ ಹುಟ್ಟುತ್ತದೆಯೇ. ಲಾಭ ಬರುತ್ತದೆಯೇ ಎಂದು ಕೇಳಬೇಕಾಗಿಲ್ಲ. ದೆಹಲಿಯ ತೀರ್ಪು ಅಲ್ಲಿಗೆ ಬಿದ್ದುಹೋಯಿತು.

ಅರ್ಥ ಇಷ್ಟು ಹಿಗ್ಗಿದರೆ ಸಣ್ಣ ಸಂಸ್ಥೆಗಳು ಹೊಸಬರನ್ನು ತೆಗೆದುಕೊಳ್ಳಲು ಹೆದರುತ್ತವೆ, ವ್ಯಾಜ್ಯದ ಖರ್ಚಿಗೆ ಸೇವೆಯೇ ಸೊರಗುತ್ತದೆ ಎಂಬ ಆಕ್ಷೇಪವನ್ನು ನಾನು ಗೌರವಿಸುತ್ತೇನೆ. 2005ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠವೇ ಈ ವ್ಯಾಖ್ಯೆಯನ್ನು ಮರುಪರಿಶೀಲಿಸಬೇಕೆಂದಿತು. ಆದರೆ ಪುಟ್ಟ ಆಶ್ರಮ, ಗುರುಕುಲ, ಒಬ್ಬಿಬ್ಬರು ಸಹಾಯಕರನ್ನು ಇಟ್ಟುಕೊಂಡ ವಕೀಲರಂಥವರಿಗೆ 1978ರ ತೀರ್ಪು ಆಗಲೇ ವಿನಾಯಿತಿ ಕೊಟ್ಟಿತ್ತು. ಹೊರೆ ಹೆಚ್ಚೆನಿಸಿದರೆ ಸಂಸ್ಥೆಯ ಗಾತ್ರ ನೋಡಿ ಇಳಿಸಬಹುದು. ಉದ್ದೇಶ ನೋಡಿ ಇಳಿಸುವುದು ತಪ್ಪು.

ಸಂಸತ್ತು ಆ ತಪ್ಪಿನತ್ತಲೇ ನಡೆಯಿತು. ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳನ್ನು ಹೊರಗಿಡುವ 1982ರ ತಿದ್ದುಪಡಿಯ ಆ ಭಾಗ ಜಾರಿಗೇ ಬರಲಿಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಮಾತ್ರ, ಬಹುಪಾಲು ದಾನಧರ್ಮ, ಸಮಾಜಸೇವೆಯಲ್ಲಿ ತೊಡಗಿದವರು ನಡೆಸುವ ಸಂಸ್ಥೆಗಳನ್ನು ಇಂಡಸ್ಟ್ರಿಯ ಅರ್ಥದಿಂದ ತೆಗೆದುಹಾಕಿದೆ. ಅಂಥ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಪಾಳಿ ಮಾಡುವ ಆಯಾ, ತನ್ನ ಕೆಲಸ ದಾನವಲ್ಲ, ದುಡಿಮೆ ಎಂದು ಇನ್ನು ಮೊದಲಿನಿಂದ ವಾದಿಸಬೇಕು.