ಮನವಿ ಪತ್ರ: ಬಾಯಲ್ಲಿ ಹೇಳಿ ಬರೆಸಿದ ಕನ್ನಡ ಕಡತಗಳನ್ನು ತಿರಸ್ಕರಿಸುವುದನ್ನು ನಿಲ್ಲಿಸುವ ಬಗ್ಗೆ

ಇವರಿಗೆ,
ಮಾನ್ಯ ರಾಜ್ಯ ಆಯುಕ್ತರು,
ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, ಬೆಂಗಳೂರು.

ಇವರಿಂದ,
ಮನೆಯಿಂದಲೇ ಧ್ವನಿ ಬರಹದ ಕೆಲಸ ಮಾಡುವ ವಿಕಲಚೇತನರು (ಸಹಿ ಮತ್ತು ಹೆಬ್ಬೆಟ್ಟಿನ ಪಟ್ಟಿ ಲಗತ್ತಿಸಿದೆ).

ಉಲ್ಲೇಖ: ಸಂಬಂಧಿಸಿದ ಕಚೇರಿಗೆ ಇದೇ ವಿಷಯವಾಗಿ ಸಲ್ಲಿಸಿದ ನಮ್ಮ ಹಿಂದಿನ ಮನವಿಗಳು, ಸ್ವೀಕೃತಿ ಮುದ್ರೆ ಸಹಿತ (ಅನುಬಂಧ 1).

ಮಾನ್ಯರೇ,

ನಮ್ಮಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದವರಿದ್ದಾರೆ, ಸ್ನಾಯುಕ್ಷಯವಿರುವವರಿದ್ದಾರೆ, ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡವರಿದ್ದಾರೆ. ಮನೆಯ ಕಂಪ್ಯೂಟರಿನ ಮುಂದೆ ಕೂತು, ಮೈಕಿಗೆ ಹೇಳಿ ಕನ್ನಡ ಬರೆಯುತ್ತೇವೆ. 2017ರಲ್ಲಿ ಗೂಗಲ್‌ನ ಧ್ವನಿ ಬರಹಕ್ಕೆ ಕನ್ನಡ ಸೇರಿದ ಮೇಲೆ ನಮಗೆ ತೆರೆದ ದಾರಿ ಇದು. ಇದನ್ನು ತಿಳಿದೇ ಒಂದು ಸರ್ಕಾರಿ ಕಚೇರಿ ತನ್ನ ಹಳೆಯ ನಡಾವಳಿಗಳನ್ನೂ ತರಬೇತಿ ಕೈಪಿಡಿಗಳನ್ನೂ ಬೆರಳಚ್ಚು ಮಾಡಿಕೊಡುವ ಕೆಲಸವನ್ನು, ಪುಟಕ್ಕಿಷ್ಟು ಗೌರವಧನವೆಂದು, ನಮಗೆ ವಹಿಸಿತು. ಆಗ ನಾವು ಕೃತಜ್ಞತೆಯ ಪತ್ರವನ್ನೂ ಬರೆದೆವು. ಈಗ ಅದೇ ಕಚೇರಿ ಕಡತಗಳನ್ನು ಹಿಂದಿರುಗಿಸುತ್ತಿದೆ, ಹಣವನ್ನೂ ತಡೆಹಿಡಿದಿದೆ.

ಹಿಂಬರಹದಲ್ಲಿರುವ ಕಾರಣ ಒಂದೇ ಸಾಲಿನದು: ಕಡತ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿಲ್ಲ, ಯೂನಿಕೋಡ್‌ನಲ್ಲಿದೆ (ಅನುಬಂಧ 2, ಎಲ್ಲ ಹಿಂಬರಹಗಳ ಪ್ರತಿ). ಧ್ವನಿ ತಂತ್ರಾಂಶ ಕೊಡುವುದೇ ಯೂನಿಕೋಡ್ ಕನ್ನಡ. ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರರೂಪಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳು. ನುಡಿ ತಂತ್ರಾಂಶದ ಮೇಲೆ ನಮ್ಮ ದೂರಿಲ್ಲ. ಕನ್ನಡ ಗಣಕ ಪರಿಷತ್ತು ಅದರ ಹೊಸ ಆವೃತ್ತಿಗಳಲ್ಲಿ ಯೂನಿಕೋಡನ್ನು ಅಳವಡಿಸಿದೆ. ಹಳೆಯದನ್ನು ಬಿಡಲೊಲ್ಲದೆ ಇರುವುದು ಕಚೇರಿಯೇ.

ಪರಿವರ್ತಕ ಬಳಸಿ ಎಂದು ಬಾಯಿಮಾತಿನಲ್ಲಿ ಹೇಳಿದರು. ಬಳಸಿದೆವು. ಪರಿವರ್ತನೆಯಲ್ಲಿ ಅರ್ಕಾವತ್ತು ಪಕ್ಕದ ಅಕ್ಷರದ ಮೇಲೆ ಹೋಗಿ ಕೂರುತ್ತದೆ, ಒತ್ತಕ್ಷರ ಕಳಚುತ್ತದೆ, ಉದ್ಧರಣ ಚಿಹ್ನೆಗಳು ಬೇರೇನೋ ಆಗುತ್ತವೆ. ಒಂದೇ ಪುಟವನ್ನು ಪರಿವರ್ತನೆಗೆ ಮೊದಲು ಮತ್ತು ನಂತರ ಮುದ್ರಿಸಿ ಅನುಬಂಧ 3ರಲ್ಲಿ ಇಟ್ಟಿದ್ದೇವೆ. ತಪ್ಪಾದ ಕಡೆಗಳಲ್ಲೆಲ್ಲ ಕೆಂಪು ಗುರುತಿದೆ. ಇವನ್ನು ತಿದ್ದಲು ಕರ್ಸರನ್ನು ಒಂದೊಂದು ಅಕ್ಷರದ ಬಳಿಗೆ ಒಯ್ಯಬೇಕು. ಕೈಯಿರುವವರಿಗೆ ಅದು ಬೇಸರದ ಕೆಲಸ. ಬಾಯಲ್ಲಿ ಕಡ್ಡಿ ಕಚ್ಚಿ ಕೀಲಿ ಒತ್ತುವವರಿಗೆ ಒಂದು ಪುಟ ಒಂದು ಹಗಲನ್ನೇ ನುಂಗುತ್ತದೆ. ತಿದ್ದದೆ ಕೊಟ್ಟರೆ "ಕಾಗುಣಿತ ದೋಷ" ಎಂದು ಮತ್ತೆ ವಾಪಸು (ಅನುಬಂಧ 4). ನಮ್ಮ ಬೆರಳು ಆಡುವುದಿಲ್ಲವೆಂದು ಗೊತ್ತಿದ್ದೇ ಕೆಲಸ ಕೊಟ್ಟ ಅಧಿಕಾರಿಗಳಿಗೆ ಹೀಗೆ ಬರೆಯಲು ಮನಸ್ಸಾದರೂ ಹೇಗೆ ಬಂತು ಎಂದು, ತಮ್ಮ ಮೇಲಿನ ಪೂರ್ಣ ಗೌರವದೊಂದಿಗೆ, ಕೇಳುತ್ತಿದ್ದೇವೆ. ಮೂಲ ಯೂನಿಕೋಡ್ ಕಡತವನ್ನು ಅವರ ಕಂಪ್ಯೂಟರುಗಳು ಹೆಚ್ಚಿನ ಖರ್ಚಿಲ್ಲದೆ ತೆರೆದು ಮುದ್ರಿಸಬಲ್ಲವು.

ವಿಕಲಚೇತನರಿಗೆ ಸೂಕ್ತ ಹೊಂದಾಣಿಕೆ ಎಂದರೇನೆಂದು 2016ರ ಅಧಿನಿಯಮದ 2(ವೈ) ಪ್ರಕರಣ ಹೇಳುತ್ತದೆ, ಅದನ್ನು ಒದಗಿಸಲು ಸರ್ಕಾರ ಕ್ರಮ ಕೈಗೊಳ್ಳಬೇಕೆಂದು 3(5)ನೇ ಪ್ರಕರಣ ಹೇಳುತ್ತದೆ. ನಮ್ಮ ಯೂನಿಕೋಡ್ ಕಡತವನ್ನು ಸ್ವೀಕರಿಸುವುದು ಅಂಥ ಹೊಂದಾಣಿಕೆಯೇ. ಹೀಗಾಗಿ 80ನೇ ಪ್ರಕರಣದಡಿ ತಾವು ವಿಚಾರಣೆ ನಡೆಸಿ, ಧ್ವನಿಯಿಂದ ಬರೆದ ಯೂನಿಕೋಡ್ ಕಡತಗಳನ್ನು ಇದ್ದಂತೆಯೇ ಸ್ವೀಕರಿಸುವಂತೆ ಹಾಗೂ ತಡೆಹಿಡಿದ ಗೌರವಧನವನ್ನು ಬಡ್ಡಿ ಸಹಿತ ಪಾವತಿಸುವಂತೆ ಆ ಕಚೇರಿಗೆ ಶಿಫಾರಸು ಮಾಡಬೇಕು. ಇದೊಂದು ಆಗದಿದ್ದರೆ ಮುಂದಿನ ಕೋರಿಕೆಗಳು ಈಡೇರಿಯೂ ಪ್ರಯೋಜನವಿಲ್ಲ.

ಸದ್ದು ತಗ್ಗಿಸುವ ಮೈಕುಳ್ಳ ಹೆಡ್‌ಫೋನ್‌ಗಳನ್ನು ವಿಕಲಚೇತನರಿಗೆ ಸರ್ಕಾರ ಕೊಡುವ ಸಾಧನ ಸಲಕರಣೆಗಳ ಪಟ್ಟಿಗೆ ಸೇರಿಸಬೇಕು. ಒಂದೇ ಕೋಣೆಯ ಮನೆಯಲ್ಲಿ ಕುಕ್ಕರ್ ಕೂಗಿದರೂ ಬರಹ ಕೆಡುತ್ತದೆ. ಇಂಟರ್ನೆಟ್ ಕೈಕೊಟ್ಟಾಗಲೂ ನಡೆಯುವ ಕನ್ನಡ ಧ್ವನಿ ತಂತ್ರಾಂಶ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಕನ್ನಡದ ಉಪಭಾಷೆಗಳ ಧ್ವನಿಮಾದರಿಗಳನ್ನು ಸಂಗ್ರಹಿಸಿದೆ. ಸೆರೆಬ್ರಲ್ ಪಾಲ್ಸಿಯಿಂದ ಮಾತು ತೊಡರುವವರ ದನಿಯನ್ನೂ ಅವರ ಒಪ್ಪಿಗೆ ಪಡೆದು ಸಂಗ್ರಹಿಸಲು ಸರ್ಕಾರ ನೆರವಾಗಬೇಕು. ವಿದ್ಯುತ್ ದರದಲ್ಲಿ ರಿಯಾಯಿತಿಯನ್ನೂ ಪರಿಶೀಲಿಸಬಹುದು.

ಜಿಲ್ಲಾ ಮಟ್ಟದಲ್ಲಿ ಧ್ವನಿ ಬರಹದ ತರಬೇತಿ ಆರಂಭಿಸುವುದಾದರೆ, ಬೋಧಕರ ನೇಮಕದಲ್ಲಿ ಪದವಿ ಮತ್ತು ವಯೋಮಿತಿಯನ್ನು ಸಡಿಲಿಸಿ, ಈ ಕೆಲಸದಲ್ಲಿ 5 ವರ್ಷ ಅನುಭವವುಳ್ಳವರಿಗೆ ಆದ್ಯತೆ ಕೊಡಬೇಕು. ಅಂಥ ಅರ್ಹತೆಯುಳ್ಳ ಮೂವರು ಹಿರಿಯ ಸದಸ್ಯರು ನಮ್ಮಲ್ಲಿದ್ದಾರೆ. ಅವರ ವಿವರ ಅನುಬಂಧ 5ರಲ್ಲಿದೆ. ಕಂಪ್ಯೂಟರ್ ಕೊಳ್ಳಲು ಸಹಾಯಧನ ಕೊಡುವುದಾದರೆ, ಸ್ವಂತ ಸಾಲದಲ್ಲಿ ಈಗಾಗಲೇ ಕೊಂಡವರಿಗೂ ಅದು ಅನ್ವಯಿಸಬೇಕು.

ವಿಚಾರಣೆಯನ್ನು ವಿಡಿಯೋ ಮೂಲಕ ನಡೆಸಬೇಕೆಂದು ಕೋರುತ್ತೇವೆ. ಗಾಲಿಕುರ್ಚಿಯಲ್ಲಿ ಬೆಂಗಳೂರಿಗೆ ಬರುವ ವೆಚ್ಚ ಭರಿಸುವ ಸ್ಥಿತಿಯಲ್ಲಿ ನಾವಿಲ್ಲ. ಶಿಫಾರಸು ತಲುಪಿದ ದಿನದಿಂದ 81ನೇ ಪ್ರಕರಣದ 3 ತಿಂಗಳ ಗಡುವು ಆರಂಭವಾಗುವುದನ್ನು ಆ ಕಚೇರಿಗೆ ಲಿಖಿತವಾಗಿ ತಿಳಿಸಬೇಕು. ನಮಗೆ ಕಳಿಸುವ ಉತ್ತರವನ್ನು ದಯವಿಟ್ಟು ಸ್ಕ್ಯಾನ್ ಮಾಡಿದ ಚಿತ್ರವಾಗಿ ಕಳಿಸದೆ ಯೂನಿಕೋಡ್ ಕಡತವಾಗಿ ಇಮೇಲ್ ಮಾಡಬೇಕು. ನಮ್ಮಲ್ಲಿ ದೃಷ್ಟಿಯಿಲ್ಲದವರೂ ಇದ್ದಾರೆ, ಅವರು ಅದನ್ನು ಸ್ಕ್ರೀನ್ ರೀಡರ್‌ನಲ್ಲಿ ತಾವೇ ಕೇಳಿಕೊಳ್ಳುತ್ತಾರೆ.

ಇಂತಿ ತಮ್ಮ ವಿಶ್ವಾಸಿಗಳು,
(ಪಟ್ಟಿಯಲ್ಲಿರುವ ಎಲ್ಲರ ಪರವಾಗಿ)

ಲಗತ್ತು: ಅನುಬಂಧ 1ರಿಂದ 5.