ಹರಳೆಣ್ಣೆಯ ಸ್ನಿಗ್ಧತೆ
ಹರಳೆಣ್ಣೆಯು ನೀರಿಗಿಂತ ಭಾರವೆಂದು ಅನೇಕರು ಭಾವಿಸುವರು. ಅದು ನೀರಿನ ಮೇಲೆ ತೇಲುವುದನ್ನು ಕಂಡೂ ಹೀಗೆನ್ನುವುದು ವಿಚಿತ್ರವೇ ಸರಿ! ಅದರ ಮಂದಗತಿಗೆ ಕಾರಣವು ತೂಕವಲ್ಲ. ಒಂದು ಪದರವು ಇನ್ನೊಂದನ್ನು ಸುಲಭವಾಗಿ ಜಾರಗೊಡದ ಗುಣ, ಅಂದರೆ ಸ್ನಿಗ್ಧತೆ. ಜಾರುವ ವೇಗಕ್ಕೆ ತಕ್ಕಂತೆ ಈ ತಡೆಯೂ ಹೆಚ್ಚುವುದೆಂದು ನ್ಯೂಟನ್ನನು 1687ರಲ್ಲಿ ಊಹಿಸಿದನು.

ಲೆಕ್ಕವು ಸುಲಭ. ಸ್ನಿಗ್ಧತೆಯನ್ನು ವಿಸ್ತಾರದಿಂದಲೂ ವೇಗದಿಂದಲೂ ಗುಣಿಸಿ, ಪದರದ ದಪ್ಪದಿಂದ ಭಾಗಿಸಬೇಕು, ಉದ್ದಗಳೆಲ್ಲವೂ ಮೀಟರಿನಲ್ಲಿರಲಿ. 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ನೀರಿನ ಸ್ನಿಗ್ಧತೆಯು 0.001 ಪಾಸ್ಕಲ್-ಸೆಕೆಂಡು, ಹರಳೆಣ್ಣೆಯದು ಸುಮಾರು 1. ಅಂಗೈಯಗಲದ, 100 ಚದರ ಸೆಂಟಿಮೀಟರಿನ ಹಲಗೆಯನ್ನು 1 ಮಿಲಿಮೀಟರ್ ದಪ್ಪದ ಎಣ್ಣೆಯ ಮೇಲೆ ಸೆಕೆಂಡಿಗೆ 10 ಸೆಂಟಿಮೀಟರಿನಂತೆ ಎಳೆಯಲು 1×0.01×0.1÷0.001, ಅಂದರೆ 1 ನ್ಯೂಟನ್ ಬಲವು ಬೇಕು; ಸುಮಾರು 100 ಗ್ರಾಂ ತೂಕದಷ್ಟು. ಎಣ್ಣೆಯನ್ನು 40 ಡಿಗ್ರಿಗೆ ಬೆಚ್ಚಗೆ ಮಾಡಿದರೋ, ಅದರ ಕಾಲುಭಾಗವೂ ಬೇಡ. ಎಳೆಗೂಸಿನ ಮೃದುವಾದ ಚರ್ಮದ ಮೇಲೆ ಕೈಯ ಎಳೆತವು ಅಷ್ಟರಮಟ್ಟಿಗೆ ಕಡಮೆಯಾಗುವುದು.