ಡಿಜೆಗೆ ಅಡ್ವಾನ್ಸು, ತಮಟೆಗೆ ‘ನಾಳೆ ಬಾ’

ಗಣೇಶನ ಮೆರವಣಿಗೆ ದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಊರಿಗೆ ಸುದ್ದಿಗೆಂದು ಹೋಗಿದ್ದೆವು. ಊರಿನ ಹೆಸರು ಬರೆಯುವುದಿಲ್ಲ. ಓದುವಾಗ ನಿಮ್ಮೂರೇ ಅನಿಸಿದರೆ ನಮ್ಮ ತಪ್ಪಲ್ಲ.

ಮುಂದೆ ಅದೇ ಊರಿನ ಕಾಲೋನಿಯ ಐದು ಜನರ ತಮಟೆ ತಂಡ. ಹಿಂದೆ ಟ್ರ್ಯಾಕ್ಟರ್ ಮೇಲೆ ಗಣೇಶ, ಅದರ ಹಿಂದೆ ಪೇಟೆಯಿಂದ ಬಂದ ಡಿಜೆ ಗಾಡಿ. ಸಂಜೆ 4ಕ್ಕೆ ಹೊರಡುವಾಗಲೇ ತುಂತುರು ಮಳೆ. ತೇವ ಹಿಡಿದರೆ ತಮಟೆಯ ಚರ್ಮ ಸಡಿಲವಾಗುತ್ತದೆ, ಬೆಂಕಿಗೆ ಹಿಡಿದು ಕಾಯಿಸದಿದ್ದರೆ ಶಬ್ದ ಏಳುವುದಿಲ್ಲ. ತಂಡದ ಹಿರಿಯರು ಒಂದು ಮನೆ ಮುಂದೆ ನಿಂತು ಹಿಡಿ ಹುಲ್ಲು ಕೇಳಿದರು. ‘ಆ ಕಡೆ ಹೋಗಿ ಕಾಯಿಸ್ಕೊಳೋ’ ಎಂದು ಮನೆಯ ಹುಡುಗ ಗದರಿದ. ಕೇಳಿದವರಿಗೆ 55 ವರ್ಷ, ಗದರಿದವನಿಗೆ 25 ಇರಬಹುದು. ಅದೇ ಹುಡುಗ ಡಿಜೆಯವನನ್ನು ‘ಅಣ್ಣ’ ಅನ್ನುತ್ತಿದ್ದ.

7 ಗಂಟೆಗೆ ಡಿಜೆಯ ಜನರೇಟರ್ ಕೆಟ್ಟು ನಿಂತಿತು. ಅರ್ಧ ಗಂಟೆ ಊರೆಲ್ಲ ಕುಣಿದದ್ದು ಆ ಐದು ತಮಟೆಗೆ. ಗದರಿದ ಹುಡುಗನೂ ಕುಣಿದ.

ಆಮೇಲೆ ಲೆಕ್ಕ. ಡಿಜೆಗೆ ವಾರದ ಹಿಂದೆಯೇ ಅಡ್ವಾನ್ಸು, ಗಾಡಿ ಹೊರಡುವ ಮೊದಲೇ ಬಾಕಿ. ತಮಟೆಯವರಿಗೆ 6,000 ರೂಪಾಯಿ ಎಂದು ಮಾತಾಗಿತ್ತು. ‘ಕಲೆಕ್ಷನ್ ಕಮ್ಮಿ, ನಾಳೆ ಬಾ’ ಅಂದರು. ಮರುದಿನ ಕೈಗೆ ಬಂದದ್ದು 3,500. ‘ದೇವರ ಕೆಲಸ ಕಣೋ, ಸೇವೆ ಅಂದ್ಕೋ’ ಎಂಬ ಉಪದೇಶ ಬೇರೆ.

ಶಾಮಿಯಾನದವರಿಗೆ, ಹೂವಿನವರಿಗೆ, ಪಟಾಕಿ ಅಂಗಡಿಯವರಿಗೆ ಈ ಮಾತು ಹೇಳಿದ್ದೀರಾ? ಅವರದೂ ದೇವರ ಕೆಲಸವೇ ಅಲ್ಲವೇ? ಚರ್ಮ ಮುಟ್ಟುವ ಕೈಗೆ ಮಾತ್ರ ಸೇವೆ ಅಂದರೆ ಅದು ಭಕ್ತಿಯಲ್ಲ, ಜಾತಿ.

‘ಇಷ್ಟವಿಲ್ಲದಿದ್ದರೆ ಬರೋದು ಬೇಡ’ ಅನ್ನುತ್ತೀರಿ. ಬರದಿದ್ದರೆ ನಾಳೆ ಹೊಲದ ಕೂಲಿಗೆ ಕರೆಯುವುದಿಲ್ಲ ಎಂಬುದು ಅವರಿಗೂ ಗೊತ್ತು, ನಿಮಗೂ ಗೊತ್ತು. ಹುಟ್ಟಿದ ಜಾತಿಯ ಕಾರಣಕ್ಕೆ, ಊರಿನ ರೂಢಿಯ ಹೆಸರಲ್ಲಿ ಬಿಟ್ಟಿಯಾಗಿಯೋ ನಾಮಕಾವಾಸ್ತೆ ಕೂಲಿಗೋ ಬಲವಂತವಾಗಿ ದುಡಿಸಿಕೊಂಡರೆ ಅದೂ ಜೀತವೇ ಎನ್ನುತ್ತದೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ.

ಇದೇ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆ ಬಾರಿಸಿದ್ದಕ್ಕೇ. ದೆಹಲಿ ಗೌರವ ಕೊಟ್ಟಿತು. ನಮ್ಮೂರು ಕೊಡಬೇಕಾದ್ದು ಅಷ್ಟು ದೊಡ್ಡದಲ್ಲ, ಮಾತಾಡಿದ ಕೂಲಿ ಅಷ್ಟೇ.

ಮುಂದಿನ ಹಬ್ಬಕ್ಕೆ ಸಮಿತಿ ಸೇರಿದಾಗ ನಾಲ್ಕು ಕೆಲಸ ಮಾಡಿ. ಡಿಜೆಗೆ ಕೊಡುವ ದಿನವೇ ತಮಟೆಯವರಿಗೂ ಅರ್ಧ ಅಡ್ವಾನ್ಸು ಕೊಡಿ. ಬಾಕಿಯನ್ನು ಅದೇ ರಾತ್ರಿ ಚುಕ್ತಾ ಮಾಡಿ. ಊಟ ಎಲ್ಲರ ಸಾಲಿನಲ್ಲೇ ಇರಲಿ. ಕೊಟ್ಟದ್ದನ್ನು ಲೆಕ್ಕದ ಪುಸ್ತಕದಲ್ಲಿ ಬರೆದು ಊರಿಗೆ ಓದಿ ಹೇಳಿ. ತಮಟೆಯ ಅಣ್ಣಂದಿರೇ, ಅಡ್ವಾನ್ಸು ಕೈಗೆ ಬಾರದೆ ತಮಟೆ ಕಾಯಿಸಬೇಡಿ.

ಆ ಹಿರಿಯರ ಮಗ ತಮಟೆ ಮುಟ್ಟುವುದಿಲ್ಲವಂತೆ. ‘ಯಾಕೆ ಕಲಿಸಲಿಲ್ಲ?’ ಎಂದು ಕೇಳಿದೆವು.

‘ಬಾರಿಸೋದು ಕಲಿಸಬಹುದು ಸಾರ್. ಬೈಸ್ಕೊಳೋದು ಹೆಂಗೆ ಕಲಿಸ್ಲಿ?’ ಅಂದರು.